ಎಡದಂಡೆ ಬ್ಯಾಂಡಿನ ಮೂರನೇ ನುಡಿ

ಭೀಮೇಶ ಬರೆದ ಹಾಡಿಗೆ ಮೂರು ನುಡಿ. ಮೊದಲನೆಯದನ್ನು ಸಿಂಧನೂರು ಭಾಗದ ಜನ ಅನೇಕ ಸಲ ಕೇಳಿದ್ದಾರೆ, ಎರಡನೆಯದನ್ನು ಕೆಲವು ಸಲ. ಮೂರನೆಯದನ್ನು ಮಾಳಿಂಗಪ್ಪನ ರೆಸ್ಟೋರೆಂಟಿಗೆ ಹೋಗುವವರೆಗೆ ಯಾರೂ ಕೇಳಿರಲಿಲ್ಲ. ಅದು ಭೀಮೇಶನ ತಪ್ಪಲ್ಲ. ಪ್ರತಿ ಸಲವೂ ಕಾರಣ ಬೇರೆ ಇರುತ್ತಿತ್ತು, ಆದರೆ ಹಾಡು ಪ್ರತಿ ಸಲವೂ ಅದೇ ಜಾಗದಲ್ಲಿ ನಿಲ್ಲುತ್ತಿತ್ತು.

ಭೀಮೇಶ ಹುಟ್ಟಿದ್ದು ಮುಕ್ಕುಂದದಲ್ಲಿ. ಈಗ ಲಿಂಗಸುಗೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮನೆ ಸಿಂಧನೂರಿನಲ್ಲಿ; ಹೆಂಡತಿ ಭಾರತಿ ಅಲ್ಲಿ ಸ್ಟಾಫ್ ನರ್ಸ್ ಆಗಿರುವುದರಿಂದ ಓಡಾಟ ಇವನ ಪಾಲಿಗೆ ಬಂದಿದೆ. ಬೆಳಿಗ್ಗೆ ಮಸ್ಕಿಯ ಮೇಲೆ ಹೋಗುವ ಬಸ್ಸು ಹತ್ತಿ, ಸೀಟು ಸಿಕ್ಕರೆ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮುಚ್ಚಳದ ಮೇಲೆ ಬೆರಳಾಡಿಸುತ್ತಾನೆ. ಪಕ್ಕದಲ್ಲಿ ಕೂತವರು ಇವನಿಗೆ ಏನೋ ನರದ ತೊಂದರೆ ಇರಬೇಕೆಂದು ಸ್ವಲ್ಪ ಸರಿದು ಕೂರುತ್ತಾರೆ.

ಅವನ ಅಪ್ಪ ಅಂಬಪ್ಪ ಹಲಗೆ ಬಾರಿಸುವುದನ್ನು ಬಿಟ್ಟವರು. ಊರವರು ಕರೆದಾಗಲೆಲ್ಲ ಹೋಗಿ ಬಾರಿಸುವ ಕೆಲಸ ಇನ್ನು ಸಾಕು ಎಂದು ಹಲಗೆಯನ್ನು ಅಟ್ಟದ ಮೇಲೆ ಹಾಕಿ, ಮನೆಯಲ್ಲಿ ಬುದ್ಧನ ಫೋಟೋ ಇಟ್ಟು, ಮಗನನ್ನು ಶಾಲೆಗೆ ಕಳಿಸಿದರು. ಮಗ ಡಿಗ್ರಿ ಮುಗಿಸಿ ನೌಕರಿ ಹಿಡಿದು ಮೊದಲು ಕೊಂಡದ್ದು ಒಂದು ಕೀಬೋರ್ಡ್. ಅಂಬಪ್ಪ ಅದನ್ನು ಒಂದು ಸುತ್ತು ಬಂದು ನೋಡಿದರು. ಯಾರಾದರೂ ಕರೆದಾಗ ಹೋಗಿ ಬಾರಿಸುವಂಥದ್ದೋ, ನಿನಗೆ ಬೇಕಾದಾಗ ಬಾರಿಸುವಂಥದ್ದೋ ಎಂದು ಕೇಳಿದರಂತೆ. ಬೇಕಾದಾಗ ಎಂದು ಮಗ ಹೇಳಿದ ಮೇಲೆ ಅದನ್ನಿಡಲು ತಾವೇ ಜಾಗ ಮಾಡಿಕೊಟ್ಟರು.

ಬ್ಯಾಂಡಿನಲ್ಲಿ ಇರುವವರು ಮೂವರು. ಕೀಬೋರ್ಡ್ ನುಡಿಸಿ ಹಾಡುವವನು ಭೀಮೇಶ. ರಿದಮ್ ಪ್ಯಾಡ್ ಬಾರಿಸುವವನು ದುರುಗಪ್ಪ. ಅವನದು ಗೂಡ್ಸ್ ಆಟೋ ಇರುವುದರಿಂದ ಸ್ಪೀಕರುಗಳನ್ನು ಸಾಗಿಸುವವನೂ ಅವನೇ. ಇನ್ನೊಬ್ಬ ಗಾಯಕ ಮತ್ತು ನಿರೂಪಕ ಸಿದ್ದರಾಮೇಶ, ಮಸ್ಕಿ ಕಡೆಯ ಕುರಿಗಾರರ ಮನೆಯವನು, ಹಳ್ಳಿಹಳ್ಳಿಯ ಆರ್ಕೆಸ್ಟ್ರಾಗಳಲ್ಲಿ ಮಾತಾಡಿ ಮಾತಾಡಿ ಗಂಟಲು ಗಟ್ಟಿ ಮಾಡಿಕೊಂಡವನು. ಮೈಕುಗಳ ದನಿ ಏರಿಳಿಸುವ ಮಿಕ್ಸರ್ ನೋಡಿಕೊಳ್ಳುವುದು ನನ್ನ ಕೆಲಸ. ಬ್ಯಾಂಡಿಗೆ ಭೀಮೇಶ 'ಎಡದಂಡೆ' ಎಂದು ಹೆಸರಿಟ್ಟ. ನಮ್ಮ ಗದ್ದೆಗಳಿಗೆ ನೀರು ಬರುವುದು ಎಡದಂಡೆ ಕಾಲುವೆಯಿಂದ, ನಮ್ಮ ಹಾಡೂ ಅಲ್ಲಿಂದಲೇ ಬರಬೇಕು ಎಂಬುದು ಅವನ ಲೆಕ್ಕ. ಹೆಸರು ಚೆನ್ನಾಗಿತ್ತು. ಆದರೆ ಬ್ಯಾನರಿನಲ್ಲಿ ಅದನ್ನೂ ಫೋನ್ ನಂಬರನ್ನೂ ನೋಡಿದ ರೈತರು ಫೋನ್ ಮಾಡಿ, ಈ ಸಲ ನೀರು ಯಾವಾಗ ಬಿಡುತ್ತೀರಿ ಎಂದು ಕೇಳತೊಡಗಿದರು. ಇದು ಬ್ಯಾಂಡು ಎಂದರೆ, ಹಾಗಾದರೆ ಬ್ಯಾಂಡಿನವರನ್ನೇ ಕೇಳಿ ಹೇಳಿ ಎನ್ನುತ್ತಿದ್ದರು. ಕಡೆಗೆ ಭೀಮೇಶ ಪತ್ರಿಕೆಯಲ್ಲಿ ಬಂದ ನೀರಿನ ಸುದ್ದಿ ಓದಿಟ್ಟುಕೊಂಡು ಉತ್ತರ ಹೇಳುವುದನ್ನು ಕಲಿತ.

ಅವನ ಹಾಡು ಅವನ ಅವ್ವ ಗದ್ದೆಮ್ಮನ ಮೇಲೆ. ಮೊದಲ ನುಡಿಯಲ್ಲಿ ಕಾಲುವೆಗೆ ನೀರು ಬರುತ್ತದೆ, ನಾಟಿಯ ಹೆಂಗಸರು ಟ್ರ್ಯಾಕ್ಟರ್ ಹತ್ತುತ್ತಾರೆ. ಎರಡನೆಯದರಲ್ಲಿ ಸಾಲು ಹಿಡಿದು, ಬಾಗಿ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತ ಸಸಿ ನೆಡುತ್ತಾರೆ. ಮೂರನೆಯದರಲ್ಲಿ ಅವ್ವ ಮನೆಗೆ ಬಂದು ಪಾದಕ್ಕೆ ಮದರಂಗಿ ಹಚ್ಚಿಕೊಳ್ಳುತ್ತಾಳೆ. ದಿನವೆಲ್ಲ ಕೆಸರಿನಲ್ಲಿ ನಿಂತು ಬೆರಳ ಸಂದಿ ಹುಣ್ಣಾದರೆ ಮದರಂಗಿ ಹಚ್ಚುವುದು ಇಲ್ಲಿಯ ರೂಢಿ. ಚಿಕ್ಕವನಿದ್ದಾಗ ಅದು ಗೊತ್ತಿಲ್ಲದ ಭೀಮೇಶ, ನಾಟಿಯ ಕಾಲ ಬಂತೆಂದರೆ ನಮ್ಮವ್ವ ಸಿಂಗಾರ ಮಾಡಿಕೊಳ್ಳುತ್ತಾಳೆ ಎಂದು ತಿಳಿದಿದ್ದ. ಹಾಡೆಲ್ಲ ಇರುವುದು ಆ ನುಡಿಗಾಗಿ. ಮೊದಲ ಎರಡು ಅಲ್ಲಿಗೆ ಹೋಗುವ ದಾರಿ.

ಆ ದಾರಿ ಒಮ್ಮೆಯೂ ಪೂರ್ತಿ ಸವೆಯಲಿಲ್ಲ. ಮುಕ್ಕುಂದದ ಬುದ್ಧ ಜಯಂತಿಯಲ್ಲಿ ಎರಡನೇ ನುಡಿಯ ನಡುವೆ ಒಬ್ಬ ಮುಖಂಡರು ಬಂದರು. ಹಾಡು ನಿಲ್ಲಿಸಿ ಅವರಿಗೆ ಶಾಲು ಹೊದಿಸಲಾಯಿತು. ಶಾಲಿನ ಹಿಂದೆ ಭಾಷಣ ಬಂತು, ಭಾಷಣದ ಹಿಂದೆ ವಂದನಾರ್ಪಣೆ. ಮಸ್ಕಿಯ ಒಂದು ಮದುವೆಯ ರಿಸೆಪ್ಶನ್ನಿನಲ್ಲಿ ಹುಡುಗಿಯ ಸೋದರಮಾವ ವೇದಿಕೆ ಹತ್ತಿ, ಭೀಮೇಶನ ಬಾಯಿಯ ಮುಂದಿನಿಂದಲೇ ಮೈಕು ತೆಗೆದುಕೊಂಡು, ಊಟ ತಯಾರಿದೆ, ಮೊದಲು ಹೆಣ್ಣುಮಕ್ಕಳು ಕೂರಬೇಕು ಎಂದು ಸಾರಿದರು. ಹಾಡಿನಲ್ಲಿ ಹೆಂಗಸರು ಇನ್ನೂ ಗದ್ದೆಯಲ್ಲೇ ಬಾಗಿ ನಿಂತಿದ್ದರು. ಲಿಂಗಸುಗೂರಿನ ರಾಜ್ಯೋತ್ಸವದಲ್ಲಿ ಕರೆಂಟು ಹೋಯಿತು. ಅದು ಬರುವಷ್ಟರಲ್ಲಿ ಮುಂದಿನ ಕಾರ್ಯಕ್ರಮದ ಹುಡುಗಿಯರು ಗೆಜ್ಜೆ ಕಟ್ಟಿಕೊಂಡು ನಿಂತಿದ್ದರು. ಭೀಮೇಶ ಕೆಳಗಿಳಿದು ಬಂದು, ಹಾಡನ್ನು ಮೂರನೇ ನುಡಿಯಿಂದಲೇ ಶುರು ಮಾಡಿಬಿಡಲೇ ಎಂದು ನನ್ನನ್ನು ಕೇಳಿದ. ಹಾಗೆ ಮಾಡಿದರೆ ಅದು ಮೊದಲನೆಯದಾಗುತ್ತದೆ ಎಂದೆ.

ಹಾಗಿದ್ದಾಗ ಮಾಳಿಂಗಪ್ಪ ಕರೆದ. ಲಿಂಗಸುಗೂರು ರಸ್ತೆಯಲ್ಲಿ, ರೈಸ್ ಮಿಲ್ಲುಗಳ ಸಾಲು ಮುಗಿದ ಮೇಲೆ ಅವನ ಬಾರ್ ಅಂಡ್ ರೆಸ್ಟೋರೆಂಟ್ ಇದೆ. ಗಾಳಿ ಈ ಕಡೆ ತಿರುಗಿದರೆ ಊಟದ ತಟ್ಟೆಯ ಮೇಲೆ ತೌಡಿನ ವಾಸನೆ ಬರುತ್ತದೆ. ಮಾಳಿಂಗಪ್ಪ ಹಿಂದೆ ಕುರಿ ವ್ಯಾಪಾರಕ್ಕೆ ಹೈದರಾಬಾದಿಗೆ ಹೋಗಿ ಬರುತ್ತಿದ್ದ. ಅಲ್ಲಿ ಯಾವುದೋ ಪಬ್ಬಿನಲ್ಲಿ ಹುಡುಗರು ನಿಂತು ಹಾಡುವುದನ್ನು, ಜನ ಗ್ಲಾಸು ಹಿಡಿದು ಕೇಳುವುದನ್ನು ನೋಡಿದ್ದ. ಸಿಂಧನೂರಿಗೆ ಅದೇನು ಬಾರದ್ದೇ ಎಂದು ಹಟಕ್ಕೆ ಬಿದ್ದು, ಅಂಗಳದಲ್ಲಿ ಒಂದು ಕಟ್ಟೆ ಕಟ್ಟಿಸಿ, ಶನಿವಾರ ಸಂಜೆ ಲೈವ್ ಮ್ಯೂಸಿಕ್ ಎಂದು ಬೋರ್ಡು ಹಾಕಿಸಿದ. ಬೋರ್ಡಿನ ಮೇಲೆ ಗಿಟಾರ್ ಹಿಡಿದ, ಕೂದಲು ಬಿಟ್ಟ ಒಬ್ಬ ಬಿಳಿಯನ ಫೋಟೋ ಇತ್ತು. ನಮ್ಮಲ್ಲಿ ಗಿಟಾರ್ ಇರಲಿಲ್ಲ. ಆ ಮನುಷ್ಯ ಯಾವಾಗ ಬರುತ್ತಾನೆ ಎಂದು ಗಿರಾಕಿಗಳು ಕೆಲವು ವಾರ ಕೇಳುತ್ತಿದ್ದರು. ಬ್ಯಾಂಡಿನ ಹೆಸರು, ಫೋಟೋ ಬೇಡವೆಂದು ಹೇಳಿದವನು ಭೀಮೇಶನೇ. ಸರ್ಕಾರಿ ನೌಕರ ಬಾರಿನಲ್ಲಿ ಹಾಡುತ್ತಾನೆ ಎಂದು ಕಚೇರಿಯಲ್ಲಿ ಮಾತಾಗುವುದು ಅವನಿಗೆ ಬೇಕಿರಲಿಲ್ಲ.

ಒಪ್ಪುವ ಮೊದಲು ಅವನು ಮಾಳಿಂಗಪ್ಪನಿಗೆ ಒಂದೇ ಪ್ರಶ್ನೆ ಕೇಳಿದ: ಹಾಡಿನ ನಡುವೆ ಯಾರಾದರೂ ಬಂದು ನಿಲ್ಲಿಸುತ್ತಾರೆಯೇ?

"ನಮ್ಮಲ್ಲಿ ಯಾರೂ ಹೊರಗ ಬರೂದ ಇಲ್ಲ ಭೀಮೇಶಣ್ಣ" ಎಂದ ಮಾಳಿಂಗಪ್ಪ. "ನೀ ಆರಾಮ ಹಾಡು."

ಆ ಮಾತಿನ ಅರ್ಥ ಮೊದಲ ಶನಿವಾರ ತಿಳಿಯಿತು. ಅಂಗಳದ ಮೂರು ಕಡೆ ಪ್ಲೈವುಡ್ಡಿನ ಕ್ಯಾಬಿನ್ನುಗಳು. ಪ್ರತಿಯೊಂದಕ್ಕೂ ದಪ್ಪನೆಯ ಪರದೆ. ಮೋಟರ್ ಸೈಕಲ್ಲುಗಳನ್ನು ರಸ್ತೆಗೆ ಕಾಣದಂತೆ ಹಿಂದೆ ನಿಲ್ಲಿಸಲು ಜಾಗ, ಹಿಂದಿನಿಂದಲೇ ಒಳಬರಲು ಒಂದು ಓಣಿ. ಇಲ್ಲಿ ಒಬ್ಬನಿಗೆ ಇನ್ನೊಬ್ಬನ ಪರಿಚಯ ಇಲ್ಲದಿರುವುದು ಅಪರೂಪ. ಕುಡಿಯಲು ಬಂದವನಿಗೆ ಅಳಿಯನೋ ಬೀಗನೋ ಮಗನ ಮಾಸ್ತರನೋ ಎದುರಾಗಬಾರದು. ಅದಕ್ಕಾಗಿ ಪರದೆ. ನಾವು ಕಟ್ಟೆಯ ಮೇಲೆ ನಿಂತು ನೋಡಿದರೆ ಎದುರಿಗೆ ಮುಖ ಒಂದೂ ಇಲ್ಲ, ಸಾಲಾಗಿ ಮರೂನ್ ಬಣ್ಣದ ಬಟ್ಟೆ. ದುರುಗಪ್ಪ ಅದನ್ನು ನೋಡಿ, ಆಸ್ಪತ್ರೆಯ ವಾರ್ಡಿನಲ್ಲಿ ಬಾರಿಸಿದಂತಿದೆ ಎಂದ.

ಹಾಡು ಪೂರ್ತಿಯಾಯಿತು. ಅದೊಂದು ನಿಜ. ಮೊದಲ ಶನಿವಾರವೇ ಮೂರನೇ ನುಡಿ ಹೊರಬಂತು:

ಕಾಲಿಗೆ ಮದರಂಗಿ ಹಚ್ಯಾಳ ನಮ್ಮವ್ವ,
ಮದುವಿಗೆ ಹೊಂಟಿಲ್ಲ ಬಿಡ್ರಿ;
ಕೆಸರು ತಿಂದ ಕಾಲು ನಾಳಿಗೆ ಮತ್ತ
ಕೆಸರಿಗೇ ಇಡಬೇಕು ನೋಡ್ರಿ.

ಕೊನೆಯ ಸ್ವರ ನಿಂತ ಮೇಲೆ ಭೀಮೇಶ ಕೀಬೋರ್ಡಿನಿಂದ ಕೈ ಎತ್ತಿ ಕಾಯ್ದ. ಫ್ರಿಜ್ಜಿನ ಮೋಟರ್ ಗುಂಯ್ ಎನ್ನುತ್ತಿತ್ತು. ಒಂದು ಕ್ಯಾಬಿನ್ನಿನಲ್ಲಿ ಯಾರೋ ಶೇಂಗಾ ಅಗಿಯುತ್ತಿದ್ದರು. ಚಪ್ಪಾಳೆ ಇಲ್ಲ, ಸಿಳ್ಳೆ ಇಲ್ಲ, ಬೇಡ ಎನ್ನುವ ಕೂಗೂ ಇಲ್ಲ. ನಾಲ್ಕು ವರ್ಷ ಕಾಯ್ದ ಹಾಡು ಪರದೆಗಳಿಗೆ ಬಡಿದು ಅಲ್ಲೇ ಇಂಗಿಹೋಯಿತು. ದಪ್ಪ ಬಟ್ಟೆ ದನಿಯನ್ನು, ಅದರಲ್ಲೂ ಎತ್ತರದ ಸ್ವರಗಳನ್ನು ಹೀರಿಕೊಳ್ಳುತ್ತದೆ, ಹೀಗಾಗಿ ನಮಗೇ ನಮ್ಮ ದನಿ ಸಪ್ಪೆಯಾಗಿ ಕೇಳುತ್ತದೆ ಎಂದು ನಾನು ವಿವರಿಸಿದೆ. ಹಾಗಾದರೆ ಪರದೆಯ ಹಿಂದಿನ ಮನುಷ್ಯರು ಏನನ್ನು ಹೀರಿಕೊಳ್ಳುತ್ತಾರೆ ಎಂದು ಭೀಮೇಶ ಕೇಳಿದ.

ಮುಂದಿನ ಶನಿವಾರಗಳೂ ಹಾಗೆಯೇ. ಫರ್ಮಾಯಿಷ್‌ಗಳು ಮಾತ್ರ ಬರುತ್ತಿದ್ದವು. ಸಪ್ಲೈಯರ್ ಬಂದು, ಇಂಥ ಕ್ಯಾಬಿನ್ನಿನವರು ಇಂಥ ಸಿನಿಮಾದ ಹಾಡು ಹೇಳಲಿಕ್ಕೆ ಹೇಳಿದ್ದಾರೆ ಎನ್ನುತ್ತಿದ್ದ. ಅದನ್ನು ಹಾಡುತ್ತಿದ್ದೆವು. ಅದಕ್ಕೂ ಚಪ್ಪಾಳೆ ಇಲ್ಲ. ಚಪ್ಪಾಳೆ ತಟ್ಟಿದರೆ ಒಳಗೆ ಎಷ್ಟು ಜನ ಇದ್ದಾರೆಂದು ಗೊತ್ತಾಗುತ್ತದೆ ಎಂಬಷ್ಟು ಎಚ್ಚರ. ಆದರೂ ಆ ದಿನಗಳಲ್ಲಿ ಒಮ್ಮೊಮ್ಮೆ ಗ್ಲಾಸಿನಿಂದ ಟೇಬಲ್ಲಿಗೆ ತಾಳ ಹಾಕುವ ಸದ್ದು ಕೇಳುತ್ತಿತ್ತು. ತಾಳ ತಪ್ಪಿರುತ್ತಿತ್ತು, ಭೀಮೇಶನಿಗೆ ಅದೂ ಸಿಟ್ಟು.

ಆಮೇಲೆ ಸಿದ್ದರಾಮೇಶ ಆ ಕೆಲಸ ಮಾಡಿದ.

ಹಳ್ಳಿಯ ಆರ್ಕೆಸ್ಟ್ರಾದಲ್ಲಿ ಫರ್ಮಾಯಿಷ್ ಕೊಟ್ಟವರ ಹೆಸರನ್ನು ಊರು, ಮನೆತನ ಸಮೇತ ಮೈಕಿನಲ್ಲಿ ಹೇಳುವುದು ಪದ್ಧತಿ. ಹೇಳದಿದ್ದರೆ ಅದು ಅವಮಾನ. ನನ್ನ ಹೆಸರು ನುಂಗಿದ ಎಂದು ಜಗಳವಾದದ್ದೂ ಇದೆ. ಸಿದ್ದರಾಮೇಶನಿಗೆ ಬಾರಿನ ಮೌನ ಮೊದಲಿನಿಂದಲೂ ತಪ್ಪಾಗಿ ಕಾಣುತ್ತಿತ್ತು. ಹಿರಿಯರು ಹಾಡು ಕೇಳುತ್ತಾರೆ, ನಾವು ಹೆಸರಿಲ್ಲದೆ ಹಾಡಿಬಿಡುತ್ತೇವೆ, ಇದು ಮರ್ಯಾದೆಯೇ ಎಂದು ಅವನು ಕೊರಗುತ್ತಿದ್ದ. ಅವನ ಕಿವಿಯೂ ಕುರಿಗಾರನ ಕಿವಿ. ಕತ್ತಲಲ್ಲಿ ಕೂಗಿದ ಕುರಿ ಯಾರ ಹಿಂಡಿನದೆಂದು ಹೇಳುವವನು, ಪರದೆಯ ಹಿಂದೆ ಸೋಡಾ ಕೇಳಿದ ದನಿ ಯಾರದೆಂದು ಹೇಳಲಾರನೇ? ಆ ಶನಿವಾರ ಒಂದು ಹಳೆಯ ಹಾಡಿನ ಫರ್ಮಾಯಿಷ್ ಬಂದಾಗ ಅವನು ಮೈಕು ಹಿಡಿದು, ಎದೆಯುಬ್ಬಿಸಿ ಸಾರಿದ:

"ಈ ಹಾಡಿನ ಫರ್ಮಾಯಿಷ್ ಕೊಟ್ಟವರು ಮಸ್ಕಿಯ ಹೆಸರಾಂತ ಕಿರಾಣಿ ವರ್ತಕರು, ಹಿರಿಯರು, ಧರ್ಮವಂತರು, ಸನ್ಮಾನ್ಯ ಶ್ರೀ ಅಮರೇಶಪ್ಪನವರು. ಅವರಿಗೆ ನಮ್ಮ ತಂಡದ ಕಡಿಂದ ಧನ್ಯವಾದಗಳು."

ಶೇಂಗಾ ಅಗಿಯುವುದು ನಿಂತಿತು. ಅಮರೇಶಪ್ಪನವರು ಕುಡಿತ ಬಿಟ್ಟೆನೆಂದು ಮನೆಯಲ್ಲಿ ಪ್ರಮಾಣ ಮಾಡಿದವರು. ಅದಕ್ಕಿಂತ ಮುಖ್ಯವಾಗಿ, ಪಕ್ಕದ ಕ್ಯಾಬಿನ್ನಿನಲ್ಲಿ ಅವರ ಅಳಿಯ ಕೂತಿದ್ದ. ಅಳಿಯ ಮುಟ್ಟುವುದಿಲ್ಲ ಎಂದು ಅವರು ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗುತ್ತಿದ್ದರು. ಮಾವನ ಹೆಸರು ಕೇಳಿದ ಅಳಿಯ ಹಿಂದಿನ ಓಣಿಯಿಂದ ಓಡಿಹೋಗಲು ಎದ್ದ; ತನ್ನ ಹೆಸರು ಕೇಳಿದ ಮಾವನೂ ಅದೇ ಓಣಿಗೆ ಎದ್ದ. ಆ ಓಣಿ ಒಬ್ಬರು ಹೋಗುವಷ್ಟು ಅಗಲವಿದೆ. ಅಲ್ಲಿ ಏನು ಮಾತಾಯಿತೋ ಗೊತ್ತಿಲ್ಲ. ಉಳಿದ ಕ್ಯಾಬಿನ್ನುಗಳು, ಮುಂದಿನ ಹೆಸರು ತಮ್ಮದೇ ಎಂಬ ಭಯದಲ್ಲಿ, ಹಾಡು ಮುಗಿಯುವ ಮೊದಲೇ ಒಂದೊಂದಾಗಿ ಖಾಲಿಯಾದವು.

ಮಾಳಿಂಗಪ್ಪ ಗಲ್ಲಾದಿಂದ ಎದ್ದು ಬಂದ. ಅವನು ಕೂಗಲಿಲ್ಲ. ಕಟ್ಟೆಯ ಅಂಚಿಗೆ ಕೂತು, ಹಣೆ ಒತ್ತಿಕೊಂಡ.

"ಸಿದ್ದೂ, ನೀ ನನ್ನ ಬಾರ್ ಬಂದ್ ಮಾಡಾಕ ಬಂದಿಯೇನೋ?"

"ಮರ್ಯಾದಿ ಕೊಟ್ಟೆ ಮಾವ" ಎಂದ ಸಿದ್ದರಾಮೇಶ. ಮಾಳಿಂಗಪ್ಪ ಅವನಿಗೆ ದೂರದ ಸಂಬಂಧದಲ್ಲಿ ಮಾವನಾಗಬೇಕು. ಆ ಸಂಬಂಧದಿಂದಾಗಿ ಆ ಸಂಜೆ ಹೆಚ್ಚು ಬೈಸಿಕೊಳ್ಳದೆ ಪಾರಾದ.

ಹೆಸರು ಹೇಳುವುದು ಅಂದಿಗೆ ನಿಂತಿತು. ಗಿರಾಕಿಗಳು ಮೆಲ್ಲಗೆ ಮರಳಿದರು, ಆದರೆ ಈಗ ಬಾಯಿಗೆ ಬೀಗ. ಗ್ಲಾಸಿನ ತಾಳ ಇಲ್ಲ. ಫರ್ಮಾಯಿಷ್ ಇಲ್ಲ. ನೀರು ಬೇಕಾದರೂ ಕರೆಯುವುದಿಲ್ಲ. ಪರದೆಯ ಸಂದಿಯಿಂದ ಒಂದು ಕೈ ಹೊರಬಂದು ಖಾಲಿ ಬಾಟಲಿ ಅಲ್ಲಾಡಿಸಿ ಒಳಗೆ ಹೋಗುತ್ತದೆ. ಇಂಥ ಕೈಗಳಿಗೆ ಭೀಮೇಶ ತನ್ನ ಅವ್ವನ ಪಾದಗಳ ಹಾಡು ಹಾಡಬೇಕಿತ್ತು.

ಅವನ ಸಿಟ್ಟು ಮನೆಗೂ ಬಂತು. ಜನ ಕೇಳುವುದಿಲ್ಲ, ಕೇಳಿದರೂ ಹೇಳುವುದಿಲ್ಲ, ಚೆನ್ನಾಗಿಲ್ಲ ಎಂದಾದರೂ ಬೈಯಲಿ ಎಂದು ಅವನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಭಾರತಿ ಡ್ಯೂಟಿ ಮುಗಿಸಿ ದಣಿದು ಬಂದವಳು, ಕೆಲವು ದಿನ ಕೇಳಿಸಿಕೊಂಡಳು. ಒಂದು ರಾತ್ರಿ ರೊಟ್ಟಿ ಬಡಿಸುತ್ತ ಅಂದಳು:

"ಅಲ್ರೀ, ಬೋರ್ಡಿನ ಮ್ಯಾಲೆ ನಿಮ್ಮ ಹೆಸರು ಐತೇನು? ನೀವು ಬ್ಯಾರೆಯವನ ಫೋಟೋದ ಹಿಂದ ನಿಂತು ಹಾಡ್ತೀರಿ. ಅವರು ಪರದೆ ಹಿಂದ ಕುಂತು ಕೇಳ್ತಾರ. ತಪ್ಪೇನೈತಿ?"

ಇದರಿಂದ ಅವನ ಸಿಟ್ಟು ಇನ್ನಷ್ಟಾಯಿತು. ಮರುದಿನ ಬಸ್ಸಿನಲ್ಲಿ ಡಬ್ಬಿಯ ಮುಚ್ಚಳವನ್ನು ಎಷ್ಟು ಜೋರಾಗಿ ಬಡಿದನೆಂದರೆ, ಕಂಡಕ್ಟರ್ ಯಾರೋ ಬಸ್ ನಿಲ್ಲಿಸಲು ಹೇಳುತ್ತಿದ್ದಾರೆಂದು ತಿಳಿದು ಸೀಟಿ ಊದಿದ.

ಆ ಸೀಟಿಯಿಂದಲೇ ಅವನಿಗೆ ಒಂದು ಪರೀಕ್ಷೆ ಹೊಳೆಯಿತು. ರಾಗ, ತಾಳ, ದನಿ ಎಲ್ಲ ಇದ್ದ ಹಾಗೇ ಇಟ್ಟು ಮಾತು ಮಾತ್ರ ಬದಲಿಸುವುದು. ಒಳಗೆ ಯಾರಾದರೂ ಕೇಳುತ್ತಿದ್ದರೆ ತಿಳಿಯುತ್ತದೆ. ಯಾರೂ ಕೇಳದಿದ್ದರೆ ಅದೂ ತಿಳಿಯುತ್ತದೆ. ಆ ಶನಿವಾರ ಅವನು ಎರಡನೇ ನುಡಿಯ ರಾಗದಲ್ಲಿ, ಕಣ್ಣು ಮುಚ್ಚಿ, ಬಹಳ ಭಾವದಿಂದ, ಮಸ್ಕಿ, ಸಂತೆಕೆಲ್ಲೂರು, ಲಿಂಗಸುಗೂರು ಎಂದು ಕಂಡಕ್ಟರ್ ಕೂಗುವ ಊರುಗಳನ್ನೇ ಹಾಡಿದ. ಹತ್ರಿ, ಒಳಗ ಸರಿಯ್ರಿ, ಚಿಲ್ರೆ ಕೊಡ್ರಿ ಎಂಬುದನ್ನೂ ಸೇರಿಸಿದ. ದುರುಗಪ್ಪ ನಗು ತಡೆಯಲಾರದೆ ಪ್ಯಾಡಿನ ಮೇಲೆ ಬಾಗಿಕೊಂಡ. ಪರದೆಗಳು ಅಲ್ಲಾಡಲಿಲ್ಲ.

ಹಾಡು ಮುಗಿದ ಮೇಲೆ ಸಪ್ಲೈಯರ್ ಕಟ್ಟೆಯ ಹತ್ತಿರ ಬಂದ. ಭೀಮೇಶನ ಮುಖದಲ್ಲಿ ಆಸೆ ಕಂಡಿತು. ಏನಂತೆ ಎಂದು ಕೇಳಿದ. ಕೊನೆಯ ಕ್ಯಾಬಿನ್ನಿನವರು ಕೈಸನ್ನೆ ಮಾಡಿ ಕರೆದು, ಲಿಂಗಸುಗೂರಿಗೆ ಲಾಸ್ಟ್ ಬಸ್ ಎಷ್ಟಕ್ಕೆ ಎಂದು ಕಿವಿಯಲ್ಲಿ ಕೇಳಿದರಂತೆ.

ಭೀಮೇಶ ಬಸ್ಸಿನ ವೇಳೆ ಹೇಳಿದ. ದಿನಾ ಹೋಗಿಬರುವವನು, ಗೊತ್ತಿತ್ತು. ಆಮೇಲೆ ನಮ್ಮ ಕಡೆ ತಿರುಗಿ, ಅವ್ವನ ಹಾಡು ಕೇಳಲಿಲ್ಲ, ಬಸ್ಸು ಮಾತ್ರ ಕೇಳಿತು ಎಂದ. ಪರೀಕ್ಷೆ ಮುಗಿಯಿತು, ಮುಂದಿನ ಶನಿವಾರ ಕಡೆಯದು, ಮಾಳಿಂಗಪ್ಪನಿಗೆ ತಾನೇ ಹೇಳುತ್ತೇನೆ ಎಂದ. ಒಂದೇ ಸಲದ ಪರೀಕ್ಷೆಯಿಂದ ಏನೂ ಹೇಳಲಾಗದು ಎಂದು ನನಗನ್ನಿಸಿತು. ಅವನ ಮುಖ ನೋಡಿ ವೈರುಗಳನ್ನು ಸುತ್ತತೊಡಗಿದೆ.

ಮಾಳಿಂಗಪ್ಪ ಸುದ್ದಿ ಕೇಳಿ ಗಲ್ಲಾದ ಲೆಕ್ಕ ನೋಡಿದ. ನಿಮ್ಮಿಂದ ಲಾಭವೂ ಇಲ್ಲ, ಈಚೆಗೆ ಲುಕ್ಸಾನೂ ಇಲ್ಲ, ಇದ್ದರೆ ಇರಿ, ಹೋದರೆ ಹೋಗಿ ಎಂದ. ಇದು ಭೀಮೇಶನಿಗೆ ಬೈಗುಳಕ್ಕಿಂತ ಜಾಸ್ತಿ ತಾಗಿತು.

ಕಡೆಯ ಶನಿವಾರ ಗಾಳಿ ಮಿಲ್ಲಿನ ಕಡೆಯಿಂದ ಬೀಸುತ್ತಿತ್ತು. ಅಡುಗೆ ಮಾಡುವ ಸರ್ದಾರಬಿ ಕಿಟಕಿ ಹಾಕಿಕೊಂಡು, ಈ ತೌಡಿನ ವಾಸನೆಯಲ್ಲಿ ತನ್ನ ಬಿರಿಯಾನಿಯ ವಾಸನೆ ಯಾರಿಗೂ ಮುಟ್ಟುವುದಿಲ್ಲ ಎಂದು ಗೊಣಗುತ್ತಿದ್ದಳು. ಕ್ಯಾಬಿನ್ನುಗಳು ತುಂಬಿದ್ದವು, ಪರದೆಯ ಕೆಳಗಿನ ಚಪ್ಪಲಿಗಳಿಂದ ಅಷ್ಟು ಗೊತ್ತಾಗುತ್ತಿತ್ತು. ನಾವು ಸಿನಿಮಾ ಹಾಡುಗಳನ್ನು ಒಂದರ ಹಿಂದೊಂದು ಮುಗಿಸಿದೆವು. ಕೊನೆಗೆ ಭೀಮೇಶ ತನ್ನ ಹಾಡು ಹಿಡಿದ, ಹಿಡಿದದ್ದೇ ಅವಸರದಲ್ಲಿ. ದುರುಗಪ್ಪನಿಗೆ ಕೈಸನ್ನೆ ಮಾಡಿ ಲಯ ಏರಿಸಿದ. ಟ್ರ್ಯಾಕ್ಟರ್ ಹತ್ತಿದ ಹೆಂಗಸರು ಇಳಿಯುವಷ್ಟರಲ್ಲಿ ನಾಟಿ ಮುಗಿದಿತ್ತು. ಎರಡನೇ ನುಡಿಯ ಕೊನೆಗೆ ಬಂದವನು, ಕೀಬೋರ್ಡಿನ ಮೇಲೆ ಒಂದು ಮುಕ್ತಾಯ ಬಾರಿಸಿ ಕೈ ತೆಗೆದ. ಮೂರನೆಯದನ್ನು ಹಾಡಲೇ ಇಲ್ಲ. ನಾಲ್ಕು ವರ್ಷ ಬೇರೆಯವರು ನಿಲ್ಲಿಸಿದ ಜಾಗದಲ್ಲಿ ಅವತ್ತು ಅವನೇ ನಿಲ್ಲಿಸಿದ. ಮೈಕು ಆಫ್ ಮಾಡಿ, ಕೀಬೋರ್ಡಿನ ವೈರು ಕೀಳಲು ಬಾಗಿದ.

"ಮದರಂಗೀದು ಬಿಟ್ರೆಲ್ರೀ."

ದನಿ ಎಡಗಡೆಯ ಒಂದು ಪರದೆಯ ಹಿಂದಿನಿಂದ ಬಂತು. ವಯಸ್ಸಾದ ಗಂಡಸಿನ ದನಿ, ಸ್ವಲ್ಪ ಗೊಗ್ಗರು, ಬಹಳ ಸಿಟ್ಟಿನಲ್ಲಿತ್ತು.

ಭೀಮೇಶ ವೈರು ಹಿಡಿದುಕೊಂಡೇ ನಿಂತ.

"ಹೋದ ವಾರ ಬಸ್ ಸ್ಟ್ಯಾಂಡ್ ಮಾಡಿದ್ರಿ, ಹೋಗ್ಲಿ ಅಂತ ಸುಮ್ನಿದ್ದೆ" ಎಂದಿತು ದನಿ. "ಇವತ್ತು ಮದರಂಗೀನ ಬಿಟ್ರಿ. ನಾ ಅದಕ್ಕಂತನ ಬರ್ತೀನ್ರೀ ಇಲ್ಲಿಗೆ."

ಎದುರಿನ ಸಾಲಿನಿಂದ ಇನ್ನೊಂದು ದನಿ, ಎಳೆಯದು, ಸೇರಿಕೊಂಡಿತು: "ಲಗು ಲಗು ಹಾಡಬ್ಯಾಡ್ರಿ. ಮೊದಲಿನಂಗ ಸಾವಕಾಶ ಹಾಡ್ರಿ."

ಎಲ್ಲೋ ಒಂದು ಗ್ಲಾಸು ಟೇಬಲ್ಲಿಗೆ ಕುಟ್ಟಿತು, ಹೌದು ಎನ್ನುವಂತೆ. ದುರುಗಪ್ಪ ಬಾಯಿ ತೆರೆದುಕೊಂಡು ನನ್ನ ಕಡೆ ನೋಡಿದ. ಭೀಮೇಶ ಸಂತೋಷಪಡುತ್ತಾನೆ ಎಂದು ನಾನು ತಿಳಿದಿದ್ದೆ. ಅವನ ಮುಖ ಕೆಂಪಾಯಿತು. ಅಷ್ಟು ಶನಿವಾರಗಳ ಸಿಟ್ಟು ಒಟ್ಟಿಗೆ ಬಂತು.

"ಇಷ್ಟು ದಿನ ಬಾಯಾಗ ಏನು ಇಟ್ಕೊಂಡಿದ್ರಿ?" ಎಂದು ಅವನು ಪರದೆಗಳನ್ನು ಕೇಳಿದ. "ಒಂದು ಮಾತು ಛಲೋ ಐತಿ, ಇಲ್ಲ ಕೆಟ್ಟೈತಿ ಅನ್ನಾಕ ಏನಾಗಿತ್ತು?"

"ಹೆಂಗ ಅನ್ನೂದ್ರೀ?" ಎಂದಿತು ಗೊಗ್ಗರು ದನಿ, ಅಷ್ಟೇ ಸಿಟ್ಟಿನಿಂದ. "ಬಾಯಿ ಬಿಟ್ರ ನಿಮ್ಮ ಮೈಕಿನಾವ ಹೆಸರು ಒದರತಾನ."

ಯಾರೂ ನಗಲಿಲ್ಲ. ಅದು ನಗುವ ಮಾತಾಗಿರಲಿಲ್ಲ. ಅವರ ಮಟ್ಟಿಗೆ ಪೂರ್ತಿ ಸರಿಯಾದ ಕಾರಣವಾಗಿತ್ತು. ಭೀಮೇಶ ಸಿದ್ದರಾಮೇಶನ ಕಡೆ ನೋಡಿದ. ಸಿದ್ದರಾಮೇಶ ತಲೆ ಓರೆ ಮಾಡಿ ನಿಂತಿದ್ದ. ಆ ದನಿ ಅವನಿಗೆ ಸಿಕ್ಕಿಬಿಟ್ಟಿತ್ತು. ಅವನ ಕಣ್ಣುಗಳು ಅಗಲವಾದವು, ಎದೆ ಉಬ್ಬಿತು, ಕೈ ತಾನಾಗಿ ಮೈಕಿಗೆ ಹೋಯಿತು. "ಈ ಹಾಡಿನ ಫರ್ಮಾಯಿಷ್..." ಎನ್ನುವಷ್ಟರಲ್ಲಿ ನಾನು ಮಿಕ್ಸರಿನಲ್ಲಿ ಅವನ ಮೈಕಿನ ದನಿಯ ಫೇಡರ್ ಪೂರ್ತಿ ಕೆಳಗೆ ಎಳೆದೆ. ಮುಂದಿನ ವಾಕ್ಯ ಅವನ ತುಟಿಗಳ ಮೇಲೆ ಮಾತ್ರ ನಡೆಯಿತು. ಗಲ್ಲಾದಲ್ಲಿ ಅರ್ಧ ಎದ್ದಿದ್ದ ಮಾಳಿಂಗಪ್ಪ ಮತ್ತೆ ಕೂತ.

ಭೀಮೇಶ ವೈರನ್ನು ತಿರುಗಿ ಚುಚ್ಚಿ, ಮೈಕು ಆನ್ ಮಾಡಿದ. ಮೊದಲಿನಿಂದ ಹಿಡಿದ, ಸಾವಕಾಶವಾಗಿ. ಕಾಲುವೆಗೆ ನೀರು ಬಂತು, ಟ್ರ್ಯಾಕ್ಟರ್ ಬಂತು, ಹೆಂಗಸರು ಸಾಲು ಹಿಡಿದು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟರು. ಗ್ಲಾಸುಗಳು ಎರಡು ಕಡೆಯಿಂದ ತಾಳ ಹಿಡಿದವು, ಒಂದು ಸ್ವಲ್ಪ ಮುಂದೆ, ಒಂದು ಸ್ವಲ್ಪ ಹಿಂದೆ. ಭೀಮೇಶನ ಹುಬ್ಬು ಗಂಟಿಕ್ಕಿತು, ಆದರೆ ಅವನು ನಿಲ್ಲಿಸಲಿಲ್ಲ. ಮೂರನೇ ನುಡಿ ಬಂದಾಗ ಗ್ಲಾಸುಗಳು ತಾವಾಗಿ ನಿಂತವು. ಅಡುಗೆಮನೆಯ ಕಿಟಕಿ ತೆರೆದಿತ್ತು. ಸರ್ದಾರಬಿ ಸೌಟು ಹಿಡಿದು ನಿಂತಿದ್ದಳು. ಕಾಲಿಗೆ ಮದರಂಗಿ ಹಚ್ಯಾಳ ನಮ್ಮವ್ವ ಎಂಬಲ್ಲಿ ಗೊಗ್ಗರು ದನಿ ಪರದೆಯ ಹಿಂದೆ ಜೊತೆಗೂಡಿತು. ಶ್ರುತಿ ಎಲ್ಲೋ ಇತ್ತು. ಮಾತು ಒಂದೂ ತಪ್ಪಲಿಲ್ಲ.

ಮುಗಿದ ಮೇಲೆ ಚಪ್ಪಾಳೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಶೇಂಗಾ ಅಗಿಯುವ ಸದ್ದು ಮತ್ತೆ ಶುರುವಾಯಿತು. ಎಡಗಡೆಯ ಪರದೆಯಿಂದ ಒಂದು ಕೈ ಹೊರಬಂತು, ಖಾಲಿ ಬಾಟಲಿ ಅಲ್ಲಾಡಿಸಿತು, ಒಳಗೆ ಹೋಯಿತು. ಭೀಮೇಶ ಅತ್ತ ಇಣುಕಲಿಲ್ಲ.

ಸಾಮಾನು ಕಟ್ಟುವಾಗ ದುರುಗಪ್ಪ ಕೀಬೋರ್ಡಿನ ಸ್ಟ್ಯಾಂಡನ್ನು ಆಟೋಗೆ ಎತ್ತಿಡಲು ಹೋದ. ಪ್ರತಿ ವಾರ ಅದನ್ನು ಬಿಚ್ಚಿ, ಹೊತ್ತು, ಮತ್ತೆ ಜೋಡಿಸುವುದೇ ಒಂದು ಗೋಳು. ಭೀಮೇಶ ಅದನ್ನು ಅವನ ಕೈಯಿಂದ ತೆಗೆದುಕೊಂಡು, ಸರ್ದಾರಬಿಯ ಅಡುಗೆಮನೆಯ ಮೂಲೆಯಲ್ಲಿ, ಈರುಳ್ಳಿ ಚೀಲದ ಹಿಂದೆ ಇಟ್ಟು ಬಂದ. ಶನಿವಾರಕ್ಕೆ ಮತ್ತೆ ಯಾರು ಹೊರಬೇಕು ಎಂದ.

ಆಟೋ ಮಿಲ್ಲುಗಳನ್ನು ದಾಟುವಾಗ ಸಿದ್ದರಾಮೇಶ ಹಿಂದೆ ಸ್ಪೀಕರುಗಳ ನಡುವೆ ಕೂತು ಒದ್ದಾಡುತ್ತಿದ್ದ.

"ಭೀಮೇಶಣ್ಣ, ಅದು ಯಾರ ದನಿ ಅಂತ ನನಗ ಗೊತ್ತೈತಿ. ಬಾಳ ದೊಡ್ಡ ಮನಿಷ್ಯಾ. ಹೇಳ್ಲೇನು?"

"ಹೇಳಿದ್ರ ಇಲ್ಲೇ ಇಳಿಸ್ತೀನಿ ನೋಡು" ಎಂದ ಭೀಮೇಶ. ಆಮೇಲೆ ಸಿಂಧನೂರು ಬರುವವರೆಗೆ ಅವನ ಬೆರಳುಗಳು ಆಟೋದ ಸರಳಿನ ಮೇಲೆ ಆಡುತ್ತಿದ್ದವು.